ಮಗಳಿಗೆ ಏರ್‌ಫೋರ್ಸ್‌ನಲ್ಲಿ ಹೆಲಿಕಾಪ್ಟರ್ ಪೈಲಟ್ ಆಗಬೇಕಂತೆ. ಗೊತ್ತಿರುವವರು ಹೇಳಿ

ಅಟ್ಟೂರು_ಅಪ್ಪ
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಯಲಹಂಕ ನ್ಯೂ ಟೌನ್ ಕಡೆ. ಮಗಳು ಸೆಕೆಂಡ್ ಪಿಯುಸಿ, ಪಿಸಿಎಂಸಿ. ಜೆಇಇ, ಸಿಇಟಿ ಎರಡಕ್ಕೂ ಸೇರಿಸಿ ಕೋಚಿಂಗ್ ಫೀಸು ಕಟ್ಟಿದ್ದೇನೆ. ಈಗ ಅವಳು ಇಂಜಿನಿಯರಿಂಗ್ ಬೇಡ, ಏರ್‌ಫೋರ್ಸ್ ಸೇರುತ್ತೇನೆ ಅನ್ನುತ್ತಿದ್ದಾಳೆ. ಅದೂ ಫೈಟರ್ ಅಲ್ಲ, ಹೆಲಿಕಾಪ್ಟರೇ ಬೇಕಂತೆ. 2022ರ ಫೆಬ್ರವರಿಯಲ್ಲಿ ನಂದಿಬೆಟ್ಟದಲ್ಲಿ ಜಾರಿ ಬಿದ್ದ ಹುಡುಗನನ್ನು ಎತ್ತಿದರಲ್ಲ, ಆ ವಿಡಿಯೋ ನೋಡಿದಾಗಿನಿಂದ ಇದೇ ಹುಚ್ಚು.

ನನಗೆ ಬೇಕಿರುವುದು ಇಷ್ಟು. ಹೆಲಿಕಾಪ್ಟರೇ ಬೇಕು ಅಂತ ನಾವು ಆರಿಸಿಕೊಳ್ಳಬಹುದಾ? ಒಳಗಿನ ಬದುಕು ಹೇಗೆ? ಹೊರಗೆ ಬಂದ ಮೇಲೆ ಕೆಲಸ ಸಿಗುತ್ತದಾ? ಕೂನೂರು ಅಪಘಾತ ಆದಾಗಿನಿಂದ ಹೆಲಿಕಾಪ್ಟರ್ ಸುದ್ದಿ ಬಂದರೆ ಅವಳ ಅಮ್ಮ ಟಿವಿ ಆರಿಸಿಬಿಡುತ್ತಾಳೆ. ದೇಶಭಕ್ತಿ ಭಾಷಣ ಬೇಡ, ಗೊತ್ತಿರುವುದು ಹೇಳಿ ಸಾಕು.

ಮಲ್ಲೇಶ್ವರಂ_ಮೂರ್ತಿ
ಫೀಸು ಕಟ್ಟಾಗಿದೆ ಅಲ್ವಾ, ಜೆಇಇ ಬರೆಸಿ ಸಾರ್. ಆ ವಯಸ್ಸಿಗೆ ಇವೆಲ್ಲ ಇದ್ದಿದ್ದೇ. ನನ್ನ ಮಗನೂ ಗಗನಯಾತ್ರಿ ಆಗುತ್ತೇನೆ ಅಂತಿದ್ದ. ಈಗ ಮಾನ್ಯತಾ ಟೆಕ್ ಪಾರ್ಕಿನಲ್ಲಿ ಇದ್ದಾನೆ.

ಹೆಸರಘಟ್ಟ_ಹುಡುಗಿ
ಅಂಕಲ್, ಅವರು ಕೇಳಿದ್ದು ಅದನ್ನಲ್ಲ.

ಎರಡನೇ_ಸಲ_ಸಿಡಿಎಸ್
ದಾರಿ ನಾನು ಹೇಳುತ್ತೇನೆ, ಎಲ್ಲ ಬಾಗಿಲೂ ತಟ್ಟಿದ್ದೇನೆ. ಪಿಯುಸಿ ಆದ ಕೂಡಲೇ ಅಂದರೆ ಎನ್‌ಡಿಎ, ಅಂದರೆ ನ್ಯಾಷನಲ್ ಡಿಫೆನ್ಸ್ ಅಕಾಡೆಮಿ. ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ಪರೀಕ್ಷೆ ಮಾಡುತ್ತದೆ. 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಹುಡುಗಿಯರಿಗೂ ಬಾಗಿಲು ತೆರೆಯಿತು. 2022ರಲ್ಲಿ ಸೇರಿದ ಮೊದಲ ಬ್ಯಾಚಿನ 17 ಹುಡುಗಿಯರು 2025ರ ಮೇ ತಿಂಗಳಲ್ಲಿ ಪಾಸಾಗಿ ಹೊರಬಂದರು. ಹುಡುಗಿಯರಿಗೆ ಸೀಟು ಕಡಿಮೆ, ಅದು ತಲೆಯಲ್ಲಿರಲಿ.

ಅದು ಆಗದಿದ್ದರೆ ಡಿಗ್ರಿ ಮುಗಿಸಿ ಎಎಫ್‌ಕ್ಯಾಟ್, ಅದು ಏರ್‌ಫೋರ್ಸ್‌ನವರೇ ಮಾಡುವ ಪ್ರವೇಶ ಪರೀಕ್ಷೆ. 20ರಿಂದ 24 ವಯಸ್ಸು, ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಇರಲೇಬೇಕು. ಅಂದರೆ ಮೂರ್ತಿ ಅಂಕಲ್ ಹೇಳಿದ ಇಂಜಿನಿಯರಿಂಗ್ ಮಾಡಿಕೊಂಡೂ ಹೋಗಬಹುದು, ಫೀಸು ದಂಡ ಆಗಲ್ಲ.

ಮುಖ್ಯ ವಿಷಯ ಸಿಪಿಎಸ್ಎಸ್. ಪೈಲಟ್ ಆಗುವ ಕೈಚಳಕ ಇದೆಯಾ ಅಂತ ಕಂಪ್ಯೂಟರ್, ಜಾಯ್‌ಸ್ಟಿಕ್, ಪೆಡಲ್ ಕೊಟ್ಟು ನೋಡುತ್ತಾರೆ. ಜೀವನದಲ್ಲಿ ಒಂದೇ ಸಲ. ಫೇಲಾದರೆ ಏರ್‌ಫೋರ್ಸ್ ಪೈಲಟ್ ಕನಸು ಅಲ್ಲಿಗೆ ಮುಗಿಯಿತು, ಬೇರೆ ಬ್ರಾಂಚ್ ನೋಡಿಕೊಳ್ಳಬೇಕು. ನನ್ನದು ಮೈಸೂರಿನ ಸೆಲೆಕ್ಷನ್ ಬೋರ್ಡಿನಲ್ಲಿ ಮುಗಿಯಿತು. ಇದಕ್ಕೂ ಕೋಚಿಂಗ್ ಕೊಡುತ್ತೇವೆ ಅಂತ ವಿಜಯನಗರದ ಕಡೆ ಒಬ್ಬರು ನನ್ನಿಂದ ದುಡ್ಡು ಕಿತ್ತರು. ಹಳೇ ವಿಡಿಯೋ ಗೇಮ್ ಆಡಿಸಿ ಕಳಿಸಿದರು. ನೀವು ಕೊಡಬೇಡಿ.

ರೋಟರ್_ರಾಯರು
ನಿವೃತ್ತ ಹೆಲಿಕಾಪ್ಟರ್ ಪೈಲಟ್. ಮೊದಲು ಸಣ್ಣ ಚೀತಾ, ಆಮೇಲೆ ದೊಡ್ಡ ಎಂಐ-17 ಹೆಲಿಕಾಪ್ಟರ್. ಈಗ ಸಹಕಾರ ನಗರದಲ್ಲಿ ಗಿಡಕ್ಕೆ ನೀರು ಹಾಕುತ್ತಾ ಇದ್ದೇನೆ.

ಅಪ್ಪನವರ ಮೊದಲ ಪ್ರಶ್ನೆಗೆ ಉತ್ತರ: ಇಲ್ಲ, ಆರಿಸಿಕೊಳ್ಳೋಕೆ ಆಗಲ್ಲ. ಏರ್‌ಫೋರ್ಸ್‌ನಲ್ಲಿ ನೀವು ಸೇರುವುದು ಪೈಲಟ್ ಆಗಿ, ಅಷ್ಟೇ. ಹೈದರಾಬಾದ್ ಹತ್ತಿರದ ದುಂಡಿಗಲ್‌ನಲ್ಲಿ ಎಲ್ಲರೂ ಮೊದಲು ಪಿಲಾಟಸ್ ಅನ್ನುವ ಸಣ್ಣ ವಿಮಾನ ಹಾರಿಸುತ್ತಾರೆ. ಆಮೇಲೆ ಫೈಟರ್, ಟ್ರಾನ್ಸ್‌ಪೋರ್ಟ್, ಹೆಲಿಕಾಪ್ಟರ್ ಅಂತ ಮೂರು ದಾರಿ. ನಿಮ್ಮ ಇಷ್ಟ ಕೇಳುತ್ತಾರೆ. ಆದರೆ ನಿಮ್ಮ ಹಾರಾಟ, ಅವರ ಅಗತ್ಯ ಎರಡೂ ನೋಡಿ ತೀರ್ಮಾನ ಮಾಡುವುದು ಅವರು. ಹೆಲಿಕಾಪ್ಟರ್ ಸಿಕ್ಕರೆ ಹಕೀಂಪೇಟೆಗೆ ಹೋಗಿ ಚೇತಕ್ ಅನ್ನುವ ಸಣ್ಣ ಹೆಲಿಕಾಪ್ಟರ್ ಮೇಲೆ ಕಲಿಯುತ್ತಾರೆ. ಆಮೇಲೆ ದೊಡ್ಡ ಎಂಐ-17 ಕಲಿಯೋಕೆ ಎಲ್ಲಿಗೆ ಬರುತ್ತಾರೆ ಗೊತ್ತಾ? ನಿಮ್ಮ ಯಲಹಂಕಕ್ಕೆ. ನಿಮ್ಮ ಮನೆ ಕಿಟಕಿ ಅದುರಿಸುವುದು ಅವರೇ.

ಹೆಲಿಕಾಪ್ಟರ್ ಬಿಟ್ಟರೆ ಬೇರೆ ಬೇಡವೇ ಬೇಡ ಅಂದರೆ ಆರ್ಮಿ ಏವಿಯೇಷನ್ ನೋಡಲಿ. 1986ರಲ್ಲಿ ಶುರುವಾದ ವಿಭಾಗ, ತರಬೇತಿ ನಾಸಿಕ್‌ನಲ್ಲಿ. 2022ರ ಮೇ ತಿಂಗಳಲ್ಲಿ ಕ್ಯಾಪ್ಟನ್ ಅಭಿಲಾಷಾ ಬರಾಕ್ ಅಲ್ಲಿಂದ ವಿಂಗ್ಸ್, ಅಂದರೆ ಪೈಲಟ್ ಬ್ಯಾಡ್ಜ್, ಪಡೆದ ಮೊದಲ ಮಹಿಳೆ. ನೇವಿ, ಕೋಸ್ಟ್ ಗಾರ್ಡ್‌ನಲ್ಲೂ ಹೆಲಿಕಾಪ್ಟರ್ ಇವೆ.

ಹೆಸರಘಟ್ಟ_ಹುಡುಗಿ
ರಾಯರೇ, ನೀವು ಹೆಲಿಕಾಪ್ಟರೇ ಕೇಳಿದ್ದಿರಾ?

ರೋಟರ್_ರಾಯರು
ಎಲ್ಲಿ! ಫೈಟರ್ ಕೇಳಿದ್ದೆ. ಆಗ ಎಲ್ಲರೂ ಕೇಳುವುದು ಅದನ್ನೇ. ಸಿಗದಿದ್ದಾಗ ಮುಖ ಊದಿಸಿಕೊಂಡಿದ್ದೆ. ಮದುವೆಗೆ ಹೆಣ್ಣು ನೋಡೋಕೆ ಹೋದಾಗಲೂ ‘ಯಾಕೆ, ಫೈಟರ್ ಸಿಗಲಿಲ್ವಾ’ ಅಂತ ಕೇಳಿದ್ದರು. ಅದಕ್ಕೇ ಈ ಹುಡುಗಿ ತಾನಾಗಿ ಹೆಲಿಕಾಪ್ಟರ್ ಬೇಕು ಅನ್ನುತ್ತಿದ್ದಾಳೆ ಅಂದರೆ ನನಗೆ ಜಾಸ್ತಿ ಇಷ್ಟ ಆಯಿತು.

ಸತ್ಯ_ಹೇಳ್ತೀನಿ_ಬಿಟಿಎಂ
ಯಾರೂ ಹೇಳದ ಸತ್ಯ ನಾನು ಹೇಳುತ್ತೇನೆ. ಫೈಟರ್‌ನಲ್ಲಿ ಅಪಾಯ ಬಂದರೆ ಪೈಲಟನ್ನು ಹೊರಗೆ ಚಿಮ್ಮಿಸುವ ಎಜೆಕ್ಷನ್ ಸೀಟ್ ಇದೆ, ಹೆಲಿಕಾಪ್ಟರ್‌ನಲ್ಲಿ ಇಲ್ಲ. ಇಂಜಿನ್ ನಿಂತರೆ ನೇರ ಕೆಳಗೆ. ಪ್ಯಾರಾಚೂಟೂ ಕೆಲಸಕ್ಕೆ ಬರಲ್ಲ. ಮಗಳನ್ನು ಕಳಿಸುವ ಮುಂಚೆ ಯೋಚನೆ ಮಾಡಿ.

ವಿಮಾನಪುರ_ವಾಸಿ
ಅರ್ಧ ಸತ್ಯ ಗುರು. ಎಜೆಕ್ಷನ್ ಸೀಟ್ ಇಲ್ಲ, ನಿಜ. ಇಂಜಿನ್ ನಿಂತರೆ ನೇರ ಕೆಳಗೆ ಅನ್ನುವುದು ಸುಳ್ಳು. ಆಟೊರೊಟೇಷನ್ ಅಂತ ಒಂದಿದೆ. ಹೆಲಿಕಾಪ್ಟರನ್ನು ಮೇಲೆ ಕೆಳಗೆ ಮಾಡುವ ಕಲೆಕ್ಟಿವ್ ಲಿವರನ್ನು ಪೈಲಟ್ ತಕ್ಷಣ ಕೆಳಗೆ ತಳ್ಳುತ್ತಾನೆ. ಇಳಿಯುವಾಗ ಕೆಳಗಿನಿಂದ ನುಗ್ಗುವ ಗಾಳಿಯೇ ರೆಕ್ಕೆಗಳನ್ನು ತಿರುಗಿಸುತ್ತಾ ಇರುತ್ತದೆ. ನೆಲ ಹತ್ತಿರ ಬಂದಾಗ ಲಿವರ್ ಮೇಲೆಳೆದರೆ ಆ ತಿರುಗುವ ವೇಗದಲ್ಲೇ ಮೆತ್ತಗೆ ಇಳಿಯಬಹುದು. ಟ್ರೈನಿಂಗ್‌ನಲ್ಲಿ ಇದನ್ನು ಪದೇ ಪದೇ ಮಾಡಿಸುತ್ತಾರೆ. ಇನ್ನು ಎಂಐ-17, ಎಚ್‌ಎಎಲ್ ಕಟ್ಟುವ ಧ್ರುವ್ ಎರಡಕ್ಕೂ ಎರಡೆರಡು ಇಂಜಿನ್ ಇವೆ.

ಸತ್ಯ_ಹೇಳ್ತೀನಿ_ಬಿಟಿಎಂ
ಎಲ್ಲ ಎತ್ತರದಲ್ಲೂ ಆಟೊರೊಟೇಷನ್ ಆಗುತ್ತದಾ?

ರೋಟರ್_ರಾಯರು
ಇಲ್ಲ. ಈ ಪ್ರಶ್ನೆ ಸರಿಯಾಗಿದೆ. ಎತ್ತರ ಕಡಿಮೆ, ವೇಗವೂ ಕಡಿಮೆ ಇದ್ದಾಗ ಇಂಜಿನ್ ಕೈಕೊಟ್ಟರೆ ಸಮಯವೇ ಇರುವುದಿಲ್ಲ. ಕಷ್ಟ ಏನೆಂದರೆ ಯಾರನ್ನಾದರೂ ಎತ್ತೋಕೆ ಹೋದಾಗ ನಾವು ಇರುವುದು ಅದೇ ಜಾಗದಲ್ಲಿ: ಎತ್ತರ ಕಡಿಮೆ, ವೇಗ ಸೊನ್ನೆ.

ನಂದಿಬೆಟ್ಟದ ಕೆಲಸದಲ್ಲಿ ನಾನಿರಲಿಲ್ಲ, ಆಗಲೇ ನಿವೃತ್ತ. ಆದರೆ ಆ ಥರದ್ದು ಮಾಡಿದ್ದೇನೆ, ಹೇಳುತ್ತೇನೆ. ಎಂಐ-17ರ ಮೇಲಿನ ರೆಕ್ಕೆಗಳು ತಿರುಗುವ ವೃತ್ತ 21 ಮೀಟರಿಗೂ ಜಾಸ್ತಿ ಅಗಲ. ಪಕ್ಕದಲ್ಲಿ ಬಂಡೆ. ಬಂಡೆಯ ಅಂಚಿನಲ್ಲಿ ಹುಡುಗ. ತುಂಬಾ ಕೆಳಗೆ ಹೋದರೆ ನಮ್ಮ ರೆಕ್ಕೆಯ ಗಾಳಿಯೇ ಅವನನ್ನು ತಳ್ಳಿಬಿಡುತ್ತದೆ. ತುಂಬಾ ಮೇಲಿದ್ದರೆ ಹಗ್ಗ ತೂಗಾಡುತ್ತದೆ. ನನ್ನ ಕೆಳಗೇನಿದೆ ಅಂತ ಪೈಲಟ್ ಆದ ನನಗೆ ಕಾಣುವುದೇ ಇಲ್ಲ! ಬಾಗಿಲಲ್ಲಿ ಮಂಡಿಯೂರಿ ಕೂತು ಕೆಳಗೆ ನೋಡುವ ಸಿಬ್ಬಂದಿ, ಅವನಿಗೆ ಗನ್ನರ್ ಅನ್ನುತ್ತೇವೆ, ‘ಮುಂದೆ ಎರಡು, ಬಲಕ್ಕೆ ಒಂದು, ಹೋಲ್ಡ್’ ಅಂತ ಹೇಳುತ್ತಾ ಹೋಗುತ್ತಾನೆ. ಅವನ ಮಾತನ್ನು ನಂಬಿಕೊಂಡು ಅಡಿ ಅಡಿ ಸರಿಯಬೇಕು. ಎಡಗೈಯಲ್ಲಿ ಕಲೆಕ್ಟಿವ್, ಬಲಗೈಯಲ್ಲಿ ಹಿಂದೆ ಮುಂದೆ, ಅಕ್ಕಪಕ್ಕ ವಾಲಿಸುವ ಸೈಕ್ಲಿಕ್, ಎರಡೂ ಕಾಲು ಪೆಡಲ್ ಮೇಲೆ. ಒಂದನ್ನು ಅಲುಗಿಸಿದರೆ ಉಳಿದ ಎಲ್ಲವನ್ನೂ ಸರಿಮಾಡಬೇಕು. ಬಾಯಲ್ಲಿ ಚಮಚ ಕಚ್ಚಿಕೊಂಡು ನಿಂಬೆಹಣ್ಣಿನ ಓಟ ಓಡಿದ್ದೀರಲ್ಲ, ಅದನ್ನು ಗಾಳಿ ಬೀಸುವಾಗ ನಿಂತಲ್ಲೇ ಮಾಡಿ. ಪೇಪರಿನಲ್ಲಿ ಬರುವುದು ಪೈಲಟ್ ಫೋಟೋ. ಕೆಲಸದ ಅರ್ಧ ಮರ್ಯಾದೆ ಆ ಗನ್ನರ್‌ಗೆ ಸೇರಬೇಕು.

ಗುಂಡ್ಲುಪೇಟೆ_ಗೌಡ
2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ಹೆಲಿಕಾಪ್ಟರ್ ಯಲಹಂಕದಿಂದಲೇ ಬಂದಿದ್ದು. ಹೊಟ್ಟೆ ಕೆಳಗೆ ದೊಡ್ಡ ಬಕೆಟ್ ನೇತುಹಾಕಿಕೊಂಡು ನೀರು ತುಂಬಿಸಿ ತಂದು ಬೆಂಕಿ ಮೇಲೆ ಸುರಿದರು. ನಮ್ಮೂರಿನವರೆಲ್ಲ ಹೊಲದಲ್ಲಿ ನಿಂತು ನೋಡಿದ್ದೆವು. ಅದು ಕಷ್ಟನಾ ರಾಯರೇ, ಮನುಷ್ಯರನ್ನು ಎತ್ತುವುದು ಕಷ್ಟನಾ?

ರೋಟರ್_ರಾಯರು
ಬಕೆಟ್ ಬೇರೆ ಥರ ಕಷ್ಟ ಗೌಡರೇ. ಟನ್‌ಗಟ್ಟಲೆ ನೀರು ಕೆಳಗೆ ತೂಗಾಡುತ್ತಿರುತ್ತದೆ. ಸುರಿದ ತಕ್ಷಣ ಹಗುರ ಆಗಿ ಹೆಲಿಕಾಪ್ಟರ್ ಮೇಲಕ್ಕೆ ಏಳುತ್ತದೆ. ಮೇಲೆ ಹೊಗೆ, ಬಿಸಿಗಾಳಿ. ಬಿಸಿಗಾಳಿ ತೆಳು, ರೆಕ್ಕೆಗೆ ಹಿಡಿತ ಸಿಗಲ್ಲ. ಆದರೂ ಬೆಂಕಿ ಅಳುವುದಿಲ್ಲ, ಕೈ ಚಾಚುವುದಿಲ್ಲ. ಮನುಷ್ಯರನ್ನು ಎತ್ತುವುದೇ ಕಷ್ಟ.

ಮಡಿಕೇರಿ_ಮಂಜು
ನಮ್ಮ ಕೊಡಗಿನ ದೇವಯ್ಯನವರನ್ನು ಯಾರೂ ನೆನಪಿಸಲಿಲ್ಲ ನೋಡಿ. ಮಹಾವೀರ ಚಕ್ರ ಪಡೆದ ಹೆಲಿಕಾಪ್ಟರ್ ಪೈಲಟ್.

ವಿಮಾನಪುರ_ವಾಸಿ
ಮಂಜು, ಅವರು ಫೈಟರ್ ಪೈಲಟ್. 1965ರ ಯುದ್ಧದಲ್ಲಿ ಪಾಕಿಸ್ತಾನದ ಸರಗೋಧಾ ದಾಳಿಗೆ ಮಿಸ್ಟೇರ್ ವಿಮಾನದಲ್ಲಿ ಹೋಗಿ, ತಮ್ಮದಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರ್ ಹೊಡೆದು ಬೀಳಿಸಿದರು. ವಾಪಸ್ ಬರಲಿಲ್ಲ. ಮಹಾವೀರ ಚಕ್ರ ಕೊಟ್ಟಿದ್ದು 1988ರಲ್ಲಿ.

ಮಡಿಕೇರಿ_ಮಂಜು
ಹಾರಿದ್ದು ಏನೇ ಇರಲಿ, ಕೊಡಗಿನವರು ಅಲ್ವಾ.

ಸತ್ಯ_ಹೇಳ್ತೀನಿ_ಬಿಟಿಎಂ
ವಿಮಾನಪುರ ಅಂತ ಹೆಸರಿಟ್ಟುಕೊಂಡಿದ್ದೀರಿ, ಎಚ್‌ಎಎಲ್ ಅಂತ ಕಾಣುತ್ತದೆ. ಧ್ರುವ್ ಬಗ್ಗೆ ಮಾತಾಡಿ. 2025ರ ಜನವರಿ 5ರಂದು ಪೋರಬಂದರ್‌ನಲ್ಲಿ ಕೋಸ್ಟ್ ಗಾರ್ಡ್ ಧ್ರುವ್ ಬಿದ್ದು ಮೂವರು ಸತ್ತರು. ದೇಶದ ಎಲ್ಲ ಧ್ರುವ್‌ಗಳನ್ನೂ ನೆಲಕ್ಕಿಳಿಸಿದರು. ಇಂಥದ್ದರಲ್ಲಿ ಕೂರಬೇಕಾ ಆ ಹುಡುಗಿ?

ವಿಮಾನಪುರ_ವಾಸಿ
ಹೌದು, ನಿವೃತ್ತ ಎಚ್‌ಎಎಲ್ ನೌಕರ. ಪೋರಬಂದರ್ ವಿಷಯ ಮುಚ್ಚಿಡುವಂಥದ್ದಲ್ಲ. ಸ್ವಾಶ್‌ಪ್ಲೇಟ್ ಬಿರುಕು ಬಿಟ್ಟಿತ್ತು. ಪೈಲಟ್ ಕೈಯಲ್ಲಿ ಮಾಡಿದ್ದನ್ನು ತಿರುಗುವ ರೆಕ್ಕೆಗೆ ಮುಟ್ಟಿಸುವ ಭಾಗ ಅದು. ಅದು ಹೋದರೆ ಪೈಲಟ್ ಎಷ್ಟೇ ಜಾಣನಾದರೂ ಏನೂ ಮಾಡೋಕೆ ಆಗಲ್ಲ. ಸುಮಾರು 330 ಹೆಲಿಕಾಪ್ಟರ್ ತಿಂಗಳುಗಟ್ಟಲೆ ನಿಂತವು. ನಿಲ್ಲಿಸಿದ್ದು ಸರಿಯೇ.

ಆದರೆ ಇದೊಂದನ್ನೇ ಹಿಡಿದುಕೊಂಡು ‘ಡಬ್ಬಾ’ ಅನ್ನಬೇಡಿ. 1992ರ ಆಗಸ್ಟ್ 20ರಂದು ನಮ್ಮ ಹಳೇ ಏರ್‌ಪೋರ್ಟ್ ರಸ್ತೆಯ ಮೇಲೆ ಅದು ಮೊದಲ ಸಲ ಹಾರಿದಾಗ ಇದ್ದವರು ನಾವು. ಅದೇ ಮನೆಯಿಂದ ಪ್ರಚಂಡ ಅನ್ನುವ ಯುದ್ಧ ಹೆಲಿಕಾಪ್ಟರ್ ಬಂತು, 2022ರ ಅಕ್ಟೋಬರ್‌ನಲ್ಲಿ ಏರ್‌ಫೋರ್ಸ್ ಸೇರಿತು. 2023ರಲ್ಲಿ ಗುಬ್ಬಿ ಹತ್ತಿರ ಹೊಸ ಹೆಲಿಕಾಪ್ಟರ್ ಫ್ಯಾಕ್ಟರಿಯೂ ಶುರುವಾಯಿತು. ಏರ್‌ಫೋರ್ಸ್‌ನ ಸಾರಂಗ್ ಪ್ರದರ್ಶನ ತಂಡ ಧ್ರುವ್‌ನಲ್ಲೇ ಒಂದರ ಪಕ್ಕ ಒಂದು ಹಾರಿಸುತ್ತದೆ. ಡಬ್ಬಾದಲ್ಲಿ ಹಾಗೆ ಮಾಡುತ್ತಾರಾ?

ಸತ್ಯ_ಹೇಳ್ತೀನಿ_ಬಿಟಿಎಂ
ಷೋ ಬೇರೆ, ಸಮುದ್ರದ ಮೇಲಿನ ಕೆಲಸ ಬೇರೆ.

ಕೋಗಿಲು_ಕ್ರಾಸ್
ಷೋ ಅಂದಾಗ ನೆನಪಾಯಿತು. ಏರೋ ಇಂಡಿಯಾ ಬಂದರೆ ನಮ್ಮ ಏರಿಯಾದಲ್ಲಿ ವಾರಗಟ್ಟಲೆ ಮಾಂಸದಂಗಡಿ ಬಂದ್. 2025ರಲ್ಲಿ ಏರ್‌ಫೋರ್ಸ್ ಸ್ಟೇಷನ್ನಿನ ಸುತ್ತ 13 ಕಿಲೋಮೀಟರ್. ಬಿರಿಯಾನಿಗೆ ಊರಾಚೆ ಹೋಗಬೇಕು. ಇದನ್ನು ಯಾರು ಕೇಳಬೇಕು?

ಹೆಸರಘಟ್ಟ_ಹುಡುಗಿ
ಮಾಂಸದ ಚೂರಿಗೆ ಹದ್ದು ಬರುತ್ತವೆ, ಹದ್ದು ಇಂಜಿನ್ನಿಗೆ ಹೋಗುತ್ತವೆ. ಪಲಾವ್ ತಿನ್ನಿ ಸ್ವಾಮಿ.

ಕೋಗಿಲು_ಕ್ರಾಸ್
2019ರಲ್ಲಿ ಪಾರ್ಕಿಂಗ್‌ನಲ್ಲಿ ಬೆಂಕಿ ಬಿದ್ದು ಸುಮಾರು 300 ಕಾರು ಸುಟ್ಟವು. ಅದಕ್ಕೂ ಹದ್ದೇ ಕಾರಣನಾ?

ಅಟ್ಟೂರು_ಅಪ್ಪ
ದಯವಿಟ್ಟು ವಿಷಯಕ್ಕೆ ಬನ್ನಿ. ರಾಯರೇ, ಕೂನೂರು ಬಗ್ಗೆ ಒಂದು ಮಾತು ಹೇಳಿ. ಮನೆಯವಳು ಪಕ್ಕದಲ್ಲೇ ಕೂತು ಓದುತ್ತಿದ್ದಾಳೆ.

ರೋಟರ್_ರಾಯರು
ಅಮ್ಮಾ, ಸುಮ್ನೆ ಸಮಾಧಾನ ಹೇಳಲ್ಲ. 2021ರ ಡಿಸೆಂಬರ್ 8, ಸೂಲೂರಿನಿಂದ ವೆಲ್ಲಿಂಗ್ಟನ್‌ಗೆ ಹೊರಟ ಎಂಐ-17. ಒಳಗೆ ಜನರಲ್ ಬಿಪಿನ್ ರಾವತ್ ಸೇರಿ 14 ಜನ. ಬದುಕಿ ಉಳಿದಿದ್ದ ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್ ಒಂದು ವಾರದ ಮೇಲೆ ನಮ್ಮ ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲಿ ಹೋದರು. ತನಿಖೆಯಲ್ಲಿ ಯಂತ್ರದ ದೋಷ ಅಲ್ಲ, ಬಾಂಬ್ ಅಲ್ಲ ಅಂತ ಬಂತು. ಕಣಿವೆಯಲ್ಲಿ ಹವಾಮಾನ ಇದ್ದಕ್ಕಿದ್ದ ಹಾಗೆ ಬದಲಾಗಿ ಮೋಡದೊಳಗೆ ಹೋಗಿ, ಪೈಲಟ್‌ಗೆ ದಿಕ್ಕು ತಪ್ಪಿ ಬೆಟ್ಟಕ್ಕೆ ತಾಗಿತು.

ದಿಕ್ಕು ತಪ್ಪುವುದು ಅಂದರೆ ದಾರಿ ತಪ್ಪುವುದಲ್ಲ. ಮೋಡದೊಳಗೆ ಹೊರಗಿನದೇನೂ ಕಾಣದಿದ್ದಾಗ ಕಿವಿಯೊಳಗಿನ ಸಮತೋಲನ ಸುಳ್ಳು ಹೇಳುತ್ತದೆ. ವಾಲಿಕೊಂಡಿದ್ದರೂ ನೆಟ್ಟಗಿದ್ದೇವೆ ಅನ್ನಿಸುತ್ತದೆ. ಎಂಥ ಅನುಭವಿಗೂ ಆಗುತ್ತದೆ. ಬೆಂಗಳೂರಿನಲ್ಲೇ, ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಇದೆ. ಅಲ್ಲಿ ಒಂದು ಯಂತ್ರದೊಳಗೆ ಕೂರಿಸಿ ಇದೇ ಸುಳ್ಳನ್ನು ಅನುಭವ ಮಾಡಿಸುತ್ತಾರೆ. ಹೊರಗೆ ಬಂದವರ ಮುಖ ನೋಡಬೇಕು. ನಿಮ್ಮ ಮೈ ಹೇಳುವುದನ್ನು ಬಿಡಿ, ಮೀಟರ್ ಹೇಳುವುದನ್ನು ನಂಬಿ ಅನ್ನುವುದೇ ಪಾಠ. ಅದಕ್ಕಿಂತ ದೊಡ್ಡ ಪಾಠ ಇನ್ನೊಂದಿದೆ: ಹವಾಮಾನ ಸರಿಯಿಲ್ಲದಿದ್ದರೆ ಹಿಂದೆ ಕೂತವರು ಯಾರೇ ಆಗಿರಲಿ, ‘ಇಲ್ಲ ಸಾರ್, ವಾಪಸ್ ಹೋಗೋಣ’ ಅನ್ನುವುದು. ಇದು ಕೂನೂರಿನ ಬಗ್ಗೆ ಹೇಳುತ್ತಿರುವ ಮಾತಲ್ಲ. ಇಪ್ಪತ್ತು ಚಿಲ್ಲರೆ ವಯಸ್ಸಿನಲ್ಲಿ ದೊಡ್ಡ ರ‍್ಯಾಂಕಿನವರಿಗೆ ಹಾಗೆ ಹೇಳೋಕೆ ಹೇಗಿರುತ್ತದೆ ಯೋಚನೆ ಮಾಡಿ. ಹಾಗೆ ಹೇಳಿ ಬೈಸಿಕೊಂಡಿದ್ದೇನೆ. ನಿಮ್ಮ ಮಗಳಿಗೆ ಹಾಗೆ ಹೇಳುವ ಹಟ ಇದೆಯಾ, ಅದನ್ನು ನೋಡಿ.

ಅಟ್ಟೂರು_ಅಪ್ಪ
ಹಟಕ್ಕೆ ಕೊರತೆ ಇಲ್ಲ ಅಂತ ಅವಳಮ್ಮ ಹೇಳುತ್ತಿದ್ದಾಳೆ.

ಹತ್ತೂರು_ಗೃಹಿಣಿ
ನನ್ನ ಯಜಮಾನರೂ ಹೆಲಿಕಾಪ್ಟರ್ ಪೈಲಟ್. ಹಾರಾಟದ ಕಥೆ ರಾಯರು ಹೇಳಲಿ, ಮನೆ ಕಥೆ ನನ್ನಿಂದ ಕೇಳಿ.

ಎರಡು ಮೂರು ವರ್ಷಕ್ಕೊಮ್ಮೆ ಕಪ್ಪು ಟ್ರಂಕು ತುಂಬುವುದು. ಒಂದೂರಿನ ಪರದೆ ಇನ್ನೊಂದೂರಿನ ಕಿಟಕಿಗೆ ಹೊಂದಲ್ಲ. ಮಕ್ಕಳು ಕೇಂದ್ರೀಯ ವಿದ್ಯಾಲಯದಲ್ಲಿ ಹಿಂದಿ ಕಲಿತು, ಊರಿಗೆ ಬಂದಾಗ ಅಜ್ಜಿ ಹತ್ತಿರ ತಡವರಿಸುತ್ತಾರೆ. ಅಸ್ಸಾಂನಲ್ಲಿದ್ದಾಗ ರಾಗಿ ಹಿಟ್ಟು ಪಾರ್ಸಲ್ ಬರುತ್ತಿತ್ತು, ಬರುವಷ್ಟರಲ್ಲಿ ಹುಳ. ಹೆಲಿಕಾಪ್ಟರ್‌ನವರಿಗೆ ಇನ್ನೊಂದು ತಾಪತ್ರಯ ಅಂದರೆ ಡಿಟ್ಯಾಚ್‌ಮೆಂಟ್. ಯೂನಿಟ್ ಒಂದು ಕಡೆ, ಇವರನ್ನು ಕಳಿಸುವುದು ಇನ್ನೆಲ್ಲೋ. ಎಲ್ಲಿ ನೆರೆ, ಎಲ್ಲಿ ಎಲೆಕ್ಷನ್, ಅಲ್ಲಿಗೆ ಹೊರಟರು. 2019ರ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಮುಳುಗಿದಾಗ ವರಮಹಾಲಕ್ಷ್ಮಿ ಹಬ್ಬ. ಕಳಶ ಇಟ್ಟು ನಾನೊಬ್ಬಳೇ ಕೂತಿದ್ದೆ. ಬೆಂಗಳೂರಿಗೆ ಪೋಸ್ಟಿಂಗ್ ಸಿಕ್ಕರೆ ಮಾತ್ರ ಎಲ್ಲ ಹೆಂಗಸರಿಗೂ ಹಬ್ಬ.

ಹುಡುಗಿ ಅಪ್ಪನಿಗೆ ಒಂದು ಮಾತು. ನಿಮ್ಮ ಮಗಳು ಪೈಲಟ್ ಆದರೆ ಟ್ರಂಕು ತುಂಬುವವರು ಯಾರು? ಅಳಿಯ ಆಗುವವನಿಗೆ ಈಗಲೇ ಹೇಳಿಡಿ.

ಹೆಸರಘಟ್ಟ_ಹುಡುಗಿ
ಮೇಡಂ 🙏 ಕೊನೆ ಸಾಲಿಗೆ.

ಎರಡನೇ_ಸಲ_ಸಿಡಿಎಸ್
ಅಳಿಯನ ಚಿಂತೆ ಆಮೇಲೆ. ಅವಳಿಗೆ ಮುಂಚೆ ದಾರಿ ಮಾಡಿದವರಿದ್ದಾರೆ. 1999ರ ಕಾರ್ಗಿಲ್‌ನಲ್ಲಿ ಗುಂಜನ್ ಸಕ್ಸೇನಾ, ಶ್ರೀವಿದ್ಯಾ ರಾಜನ್ ಚೀತಾ ಹಾರಿಸಿದರು. 2019ರ ಮೇ ತಿಂಗಳಲ್ಲಿ ಮೂವರು ಮಹಿಳೆಯರೇ ಸೇರಿ ಎಂಐ-17 ಹಾರಿಸಿದರು. ಆ ಮೂವರೂ ಯಲಹಂಕದಲ್ಲೇ ತರಬೇತಿ ಪಡೆದವರು.

ಮಲ್ಲೇಶ್ವರಂ_ಮೂರ್ತಿ
ಸಂಬಳ ಎಷ್ಟು? ಅದನ್ನು ಯಾರೂ ಹೇಳುತ್ತಿಲ್ಲ.

ರೋಟರ್_ರಾಯರು
ಏಳನೇ ವೇತನ ಆಯೋಗದ ಲೆಕ್ಕದಲ್ಲಿ ಶುರುವಿನ ಮೂಲವೇತನ 56,100. ಮಿಲಿಟರಿ ಸರ್ವಿಸ್ ಪೇ 15,500. ಹಾರುವವರಿಗೆ ಫ್ಲೈಯಿಂಗ್ ಅಲವೆನ್ಸ್ 2017ರಲ್ಲಿ 25,000 ಇತ್ತು. ಮೇಲೆ ಡಿಎ. ಸಿಯಾಚಿನ್ ಅಲವೆನ್ಸ್ ಅಧಿಕಾರಿಗಳಿಗೆ 2017ರಲ್ಲಿ 42,500 ಇತ್ತು. ನಿಮ್ಮ ಮಗನ ಮಾನ್ಯತಾ ಸಂಬಳದ ಮುಂದೆ ಕಡಿಮೆಯೇ ಇರಬಹುದು ಮೂರ್ತಿಯವರೇ. ಅವನಿಗೆ ಆಮ್ಲಜನಕ ಇದೆ.

ಮಲ್ಲೇಶ್ವರಂ_ಮೂರ್ತಿ
ಔಟರ್ ರಿಂಗ್ ರೋಡಿನಲ್ಲಿ ಅದೂ ಇಲ್ಲ.

ಗುಂಡ್ಲುಪೇಟೆ_ಗೌಡ
ಸಿಯಾಚಿನ್ ಕಥೆ ಹೇಳಿ ರಾಯರೇ.

ರೋಟರ್_ರಾಯರು
ಅಲ್ಲಿನ ಕೆಲಸ ಚೀತಾದ್ದು. ಫ್ರೆಂಚರ ಲಾಮಾ ಡಿಸೈನ್, ಎಚ್‌ಎಎಲ್ ಬೆಂಗಳೂರಿನಲ್ಲಿ ಕಟ್ಟಿದ್ದು. ಒಂದೇ ಇಂಜಿನ್. 1972ರಲ್ಲಿ ಲಾಮಾ 12,442 ಮೀಟರ್ ಎತ್ತರಕ್ಕೆ ಏರಿದ ದಾಖಲೆ ಇದೆ. ಆದರೆ ಭಾರ ಹೊತ್ತುಕೊಂಡು ಹೋಗುವಾಗ ದಾಖಲೆ ಪಕ್ಕಕ್ಕಿಡಿ. 20,000 ಅಡಿಯ ಆಸುಪಾಸಿನ ಪೋಸ್ಟಿಗೆ ಹೋಗುವಾಗ ಒಂದೊಂದು ಕಿಲೋ ಲೆಕ್ಕ. ಹೆಚ್ಚಿನ ಪೆಟ್ರೋಲ್ ಇಲ್ಲ, ಹೆಚ್ಚಿನ ಬಟ್ಟೆ ಇಲ್ಲ. ಕೆಲವು ಕಡೆ ಒಂದೋ ಎರಡೋ ಕ್ಯಾನ್ ಸೀಮೆಎಣ್ಣೆ ಇಳಿಸಿ ಬರುವುದಕ್ಕೇ ಒಂದು ಟ್ರಿಪ್. ಇಂಜಿನ್ ಆರಿಸುವಂತಿಲ್ಲ, ಮತ್ತೆ ಹೊತ್ತಿಕೊಳ್ಳದಿದ್ದರೆ? ಇಳಿದ ಹಾಗೆ ಮಾಡಿ, ಡಬ್ಬ ತಳ್ಳಿ, ಎದ್ದುಬಿಡಬೇಕು. ಕೆಳಗೆ ಬರುವಾಗ ಟಪಾಲು, ಕೆಲವೊಮ್ಮೆ ಕೈಕಾಲು ಹಿಮಕಚ್ಚಿದ ಹುಡುಗರು.

ಗುಂಡ್ಲುಪೇಟೆ_ಗೌಡ
ಪೆಟ್ರೋಲಾ?

ವಿಮಾನಪುರ_ವಾಸಿ
ಎಟಿಎಫ್ ಗೌಡರೇ, ವಿಮಾನದ ಇಂಧನ, ಸೀಮೆಎಣ್ಣೆ ಜಾತಿಯದ್ದು. ರಾಯರು ಗಿಡಕ್ಕೆ ನೀರು ಹಾಕುತ್ತಾ ಟೈಪ್ ಮಾಡಿದ್ದಾರೆ.

ಹತ್ತೂರು_ಗೃಹಿಣಿ
ಬೆನ್ನಿನ ಬಗ್ಗೆ ಬರೆಯಿರಿ ರಾಯರೇ. ನಮ್ಮವರು ನಲವತ್ತಕ್ಕೇ ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡರು.

ರೋಟರ್_ರಾಯರು
ಹೌದು. ದಿನವಿಡೀ ನಡುಗುವ ಸೀಟು, ಎಡಕ್ಕೆ ಬಾಗಿ ಕಲೆಕ್ಟಿವ್ ಹಿಡಿಯುವುದು, ತಲೆ ಮೇಲೆ ಹೆಲ್ಮೆಟ್. ಬೆನ್ನು ನೋವಿಲ್ಲದ ಹಳೇ ಹೆಲಿಕಾಪ್ಟರ್ ಪೈಲಟ್ ಸಿಗುವುದು ಕಷ್ಟ. ಕಿವಿಯೂ ಮಂದ. ಹುಡುಗಿ ಈಗಿನಿಂದಲೇ ಬೆನ್ನು, ಹೊಟ್ಟೆಯ ವ್ಯಾಯಾಮ ಶುರುಮಾಡಲಿ.

ಹೊರಗೆ ಬಂದ ಮೇಲಿನ ಕೆಲಸ ಕೇಳಿದ್ದಿರಿ. ಶಾರ್ಟ್ ಸರ್ವಿಸ್ ಆದರೆ 14 ವರ್ಷ, ಪೆನ್ಷನ್ ಇಲ್ಲ. ಪರ್ಮನೆಂಟ್ ಕಮಿಷನ್ ಆದರೆ 20 ವರ್ಷಕ್ಕೆ ಪೆನ್ಷನ್. ಏರ್‌ಫೋರ್ಸ್ ವಿಂಗ್ಸ್ ತೋರಿಸಿದ ಮಾತ್ರಕ್ಕೆ ಹೊರಗೆ ಯಾರೂ ಸೀಟು ಕೊಡಲ್ಲ, ನಾಗರಿಕ ವಿಮಾನಯಾನದ ಡಿಜಿಸಿಎ ಪರೀಕ್ಷೆ ಬರೆದು ಸಿವಿಲ್ ಲೈಸೆನ್ಸ್ ಮಾಡಿಕೊಳ್ಳಬೇಕು. ಸರ್ವಿಸ್‌ನಲ್ಲಿದ್ದಾಗಲೇ ಬರೆದಿಟ್ಟುಕೊಂಡವರು ಜಾಣರು. ಮುಂಬೈ ಹೈ ಎಣ್ಣೆ ಬಾವಿಗಳಿಗೆ ಜನ ಸಾಗಿಸುವುದು, ಪವನ್ ಹಂಸ್ ಹೆಲಿಕಾಪ್ಟರ್ ಕಂಪನಿ, ಕೇದಾರನಾಥ, ಚುನಾವಣೆ ಹಾರಾಟ, ಇಂಥ ಕೆಲಸ. ಏರ್‌ಲೈನ್ಸ್‌ಗೆ ಹೋಗಬೇಕಾದರೆ ವಿಮಾನದ ಲೈಸೆನ್ಸ್ ಬೇರೆಯೇ ಮಾಡಬೇಕು, ಖರ್ಚಿನ ಬಾಬ್ತು.

ಕೋಗಿಲು_ಕ್ರಾಸ್
ಜಕ್ಕೂರಿನಲ್ಲಿ ಕ್ಯಾಪ್ಟನ್ ಗೋಪಿನಾಥ್ ಡೆಕ್ಕನ್ ಏವಿಯೇಷನ್ ಶುರುಮಾಡಿದ್ದೂ ಹೆಲಿಕಾಪ್ಟರ್‌ನಿಂದಲೇ ಅಲ್ವಾ? ಅವರೂ ಪೈಲಟ್.

ವಿಮಾನಪುರ_ವಾಸಿ
ಅವರು ಆರ್ಮಿ ಅಧಿಕಾರಿ, ಪೈಲಟ್ ಅಲ್ಲ. ಜೊತೆಗಿದ್ದ ಕ್ಯಾಪ್ಟನ್ ಸ್ಯಾಮ್ಯುಯೆಲ್ ಆರ್ಮಿ ಹೆಲಿಕಾಪ್ಟರ್ ಪೈಲಟ್.

ಅಟ್ಟೂರು_ಅಪ್ಪ
ಇನ್ನೊಂದು. ಮಗಳಿಗೆ ಕನ್ನಡಕ ಇದೆ, ಸ್ವಲ್ಪ ಪವರ್. ಎತ್ತರ 163 ಸೆಂಟಿಮೀಟರ್. ಲೇಸರ್ ಮಾಡಿಸಿಬಿಡಲಾ?

ಎರಡನೇ_ಸಲ_ಸಿಡಿಎಸ್
ಬೇಡ ಅಂಕಲ್, ಈಗಲೇ ಮಾಡಿಸಬೇಡಿ! 20 ವರ್ಷ ತುಂಬುವ ಮುಂಚೆ ಲೇಸರ್ ಮಾಡಿಸಿದರೆ ಒಪ್ಪಲ್ಲ. ಎತ್ತರ ಕನಿಷ್ಠ 162.5, ಕೂದಲೆಳೆಯಲ್ಲಿ ಪಾಸು. ಆದರೆ ಅದೊಂದೇ ಅಲ್ಲ, ಕಾಲಿನ ಉದ್ದ 99 ಸೆಂಟಿಮೀಟರ್ ಬೇಕು, ಕೂತಾಗಿನ ಎತ್ತರವನ್ನೂ ಅಳೆಯುತ್ತಾರೆ. ಮೊದಲು ಕಣ್ಣಿನ ಡಾಕ್ಟರ್ ಹತ್ತಿರ ಪವರ್ ಎಷ್ಟು ಅಂತ ಬರೆಸಿಕೊಂಡು, ನೋಟಿಫಿಕೇಶನ್‌ನ ಮೆಡಿಕಲ್ ಪುಟದ ಜೊತೆ ಇಟ್ಟು ನೋಡಿ. ಬಣ್ಣ ಗುರುತಿಸುವ ಪರೀಕ್ಷೆಯನ್ನೂ ಮಾಡಿಸಿ, ಅಲ್ಲಿ ಹೋದರೆ ಉಳಿದ ಲೆಕ್ಕವೇ ಬೇಡ.

ರೋಟರ್_ರಾಯರು
ಒಪ್ಪಿದೆ. ಗೋಡೆಗೆ ಬೆನ್ನು ಹಚ್ಚಿ ಕೂರಿಸಿ ಕಾಲಿನ ಅಳತೆ ತೆಗೆದು ಇಲ್ಲೇ ಹಾಕಿ. ಎಟಿಎಫ್ ಅಂತಲೂ ಓದಿಕೊಂಡೆ, ವಿಮಾನಪುರದವರೇ.